ಬಾರ್‌ಟೆಂಡಿಂಗ್ ಕೋರ್ಸ್‌ಗೆ ಫೀಸ್ ಕಟ್ಟುವ ಮೊದಲು ಇದನ್ನು ಓದಿ

ಬಾರ್‌ಟೆಂಡರ್ ಆಗಬೇಕು ಅಂತ ಆಸೆ ಇದೆಯಾ? 'ಕೋರ್ಸ್ ಮುಗಿಸಿ, ಕೆಲಸ ಗ್ಯಾರಂಟಿ' ಅನ್ನುವ ಜಾಹೀರಾತು ನೋಡಿ ಸೇರೋಣ ಅಂದುಕೊಂಡಿದ್ದೀರಾ? ಹಾಗಿದ್ದರೆ ನನಗೆ ಏನಾಯಿತು ಅಂತ ಕೇಳಿ, ಆಮೇಲೆ ತೀರ್ಮಾನ ಮಾಡಿ. ಆ ಶಾಲೆಯ ಹೆಸರು ಬರೆಯುವುದಿಲ್ಲ. ಇದೇ ಮಾತು ಹೇಳಿ ದುಡ್ಡು ತೆಗೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಸೇರುವಾಗ ಆಫೀಸಿನಲ್ಲಿ ಹೇಳಿದ್ದು ಹೀಗೆ. ಈ ಸರ್ಟಿಫಿಕೇಟ್ ಇಲ್ಲದವರನ್ನು ಒಳ್ಳೆಯ ಬಾರ್‌ಗಳು ತೆಗೆದುಕೊಳ್ಳುವುದಿಲ್ಲ. ಕೋರ್ಸ್ ಮುಗಿದ ಕೂಡಲೇ ನಾವೇ ಕೆಲಸ ಕೊಡಿಸುತ್ತೇವೆ. ಸೀಟು ಕಡಿಮೆ, ಇವತ್ತೇ ಕಟ್ಟಿದರೆ ರಿಯಾಯಿತಿ. ಪೂರ್ತಿ ಫೀಸ್ ಮುಂಗಡವಾಗಿ ತೆಗೆದುಕೊಂಡರು. ಆದರೆ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಕೆಲಸ ಕೊಡಿಸುತ್ತೇವೆ ಅಂತ ಎಲ್ಲೂ ಇರಲಿಲ್ಲ. 'ಕೆಲಸ ಹುಡುಕಲು ನೆರವು ನೀಡಲಾಗುವುದು' ಅಂತ ಮಾತ್ರ ಇತ್ತು. ಆ ನೆರವು ಏನು ಅಂತ ಕೊನೆಗೆ ಗೊತ್ತಾಯಿತು: ಕೆಲವು ಬಾರ್‌ಗಳ ಹೆಸರು, ಫೋನ್ ನಂಬರ್ ಇದ್ದ ಒಂದು ಹಾಳೆ. ಅದರಲ್ಲಿ ಹಲವರಿಗೆ ಈ ಶಾಲೆ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಇನ್ನು ಕ್ಲಾಸ್. ಕಪಾಟಿನ ತುಂಬ ಬಾಟಲಿಗಳು, ಎಲ್ಲದರಲ್ಲೂ ಬಣ್ಣದ ನೀರು. ವಿಸ್ಕಿ ಅಂದರೆ ಕಂದು ನೀರು, ರಮ್ ಅಂದರೆ ಸಾದಾ ನೀರು, ನಿಂಬೆರಸ ಅಂದರೆ ಹಳದಿ ನೀರು. ಮದ್ಯ ಸುಮ್ನೆ ಚೆಲ್ಲಿ ಹಾಳಾಗಬಾರದು, ಹೊಸಬರು ಕೈ ಪಳಗಿಸಿಕೊಳ್ಳಲಿ ಅಂತ ಮೊದಲ ವಾರ ನೀರು ಬಳಸಿದರೆ ತಪ್ಪೇನಿಲ್ಲ. ಇಲ್ಲಿ ಕೊನೆಯ ದಿನದವರೆಗೂ ಅದೇ. ಒಂದು ಗುಟುಕು ರುಚಿ ನೋಡಿಸಲಿಲ್ಲ. ಜಿನ್ ವಾಸನೆ ಹೇಗಿರುತ್ತೆ ಅಂತ ಕೂಡ ತೋರಿಸಲಿಲ್ಲ.

ಇದರಿಂದ ಆಗುವ ನಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಟಲಿಯ ಬಾಯಿಗೆ ಪೋರರ್, ಅಂದರೆ ಒಂದೇ ಸಮನೆ ಸುರಿಯಲು ಇರುವ ಸಣ್ಣ ಮೂತಿ, ಸಿಕ್ಕಿಸಿ, ನಾಲ್ಕು ಎಣಿಸುವಷ್ಟರಲ್ಲಿ ಸುಮಾರು 60 ಎಂಎಲ್ ಸುರಿಯುವುದನ್ನು ಕಲಿಸುತ್ತಾರೆ. ನೀರಿನಲ್ಲಿ ಎಲ್ಲರಿಗೂ ಬರುತ್ತೆ. ಆದರೆ ಸಕ್ಕರೆ ಜಾಸ್ತಿ ಇರುವ ಲಿಕ್ಯೂರ್ ಅನ್ನುವ ಸಿಹಿ ಮದ್ಯ ಮಂದ, ನಿಧಾನವಾಗಿ ಇಳಿಯುತ್ತೆ. ಅಲ್ಲಿ ನಿಮ್ಮ ಎಣಿಕೆ ಕೈಕೊಡುತ್ತೆ. ಅದಕ್ಕೇ ಎಷ್ಟೋ ಬಾರ್‌ಗಳಲ್ಲಿ ಎಣಿಸುವಂತೆಯೇ ಇಲ್ಲ, ಜಿಗ್ಗರ್ ಅನ್ನುವ ಸಣ್ಣ ಅಳತೆ ಲೋಟದಲ್ಲಿ ಅಳೆದೇ ಹಾಕಬೇಕು. ಐಸ್ ಜೊತೆ ಶೇಕ್ ಮಾಡಿದಾಗ ಐಸ್ ಕರಗಿ, ಗ್ಲಾಸಿಗೆ ಬರುವುದರಲ್ಲಿ ಸುಮಾರು ಕಾಲು ಭಾಗ ನೀರೇ ಇರುತ್ತೆ. ಆ ನೀರು ಕಡಿಮೆಯಾದರೆ ಕುಡಿದವರಿಗೆ ಗಂಟಲು ಉರಿಯುತ್ತೆ, ಜಾಸ್ತಿಯಾದರೆ ಸಪ್ಪೆ. ಬಣ್ಣದ ನೀರನ್ನು ಎಷ್ಟು ಹೊತ್ತು ಅಲ್ಲಾಡಿಸಿದರೂ ಈ ವ್ಯತ್ಯಾಸ ನಾಲಿಗೆಗೆ ಸಿಗಲ್ಲ. ಹುಳಿ, ಕೆನೆ, ಮೊಟ್ಟೆ ಇದ್ದರೆ ಶೇಕ್ ಮಾಡಬೇಕು, ಬರೀ ಮದ್ಯ ಇದ್ದರೆ ಕಲಕಬೇಕು ಅಂತ ನೋಟ್ಸ್ ಬರೆಸಿದರು. ಯಾಕೆ ಅಂತ ಕೇಳಿದರೆ "ರೂಲ್ ಅದು, ಬರ್ಕೊಳ್ಳಿ" ಅಂದರು.

ಉಳಿದ ಸಮಯವೆಲ್ಲ ರೆಸಿಪಿ ಬಾಯಿಪಾಠ. ಉದ್ದದ ಪಟ್ಟಿ. ಈಗ ಯಾರೂ ಕೇಳದ ಡ್ರಿಂಕ್‌ಗಳೇ ಅದರಲ್ಲಿ ಜಾಸ್ತಿ. ಇದಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. 1951ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್ ತನ್ನ ಅಧಿಕೃತ ಕಾಕ್‌ಟೇಲ್‌ಗಳ ಅಳತೆಯನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದೆ. ನೆಗ್ರೋನಿ ಅನ್ನುವ ಕಾಕ್‌ಟೇಲ್ ಅಂದರೆ ಜಿನ್, ಕಂಪಾರಿ ಅನ್ನುವ ಕಹಿ ಮದ್ಯ, ಸಿಹಿ ವರ್ಮೂತ್ ತಲಾ 30 ಎಂಎಲ್. ಒಮ್ಮೆ ಓದಿದರೆ ನೆನಪಿರುತ್ತೆ. ಆದರೆ ವರ್ಮೂತ್ ಅನ್ನುವುದು ವೈನ್‌ನಿಂದ ಮಾಡಿದ್ದು, ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿ ಇಡದಿದ್ದರೆ ರುಚಿ ಕೆಡುತ್ತೆ ಅಂತ ಆ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ.

ಸರ್ಟಿಫಿಕೇಟ್ ಹಿಡಿದು ಬಾರ್‌ಗಳಿಗೆ ಹೋದಾಗ ಎಲ್ಲ ಕಡೆ ಕೇಳಿದ್ದು ಒಂದೇ. "ಮುಂಚೆ ಯಾವ ಬಾರ್‌ನಲ್ಲಿ ಕೆಲಸ ಮಾಡಿದ್ದೀರಿ?" ಒಬ್ಬ ಮ್ಯಾನೇಜರ್ ಮಾತ್ರ ಕೂರಿಸಿ ಮಾತಾಡಿಸಿದರು, ಒಂದು ಡೈಕಿರಿ ಮಾಡಿ ಅಂದರು. ಪಟ್ಟಿಯಲ್ಲಿದ್ದಂತೆ ರಮ್, ನಿಂಬೆರಸ, ಸಕ್ಕರೆ ಹಾಕಿ ಶೇಕ್ ಮಾಡಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, "ಹುಳಿ ಜಾಸ್ತಿ ಆಯ್ತಲ್ಲ. ಕೊಡೋ ಮುಂಚೆ ರುಚಿ ನೋಡೋಕೆ ಹೇಳಿಕೊಟ್ಟಿಲ್ವಾ?" ಅಂದರು. ಒಂದು ನಿಂಬೆಹಣ್ಣಿನ ಹಾಗೆ ಇನ್ನೊಂದು ಇರಲ್ಲ, ಅಳತೆ ಸರಿ ಇದ್ದರೂ ಪ್ರತಿ ಸಲ ನೋಡಿಕೊಳ್ಳಬೇಕು ಅಂತ ಆಮೇಲೆ ಅವರೇ ಸಮಾಧಾನವಾಗಿ ತಿಳಿಸಿದರು. ಆ ಐದು ನಿಮಿಷದಲ್ಲಿ ಕಲಿತಷ್ಟು ಇಡೀ ಕೋರ್ಸ್‌ನಲ್ಲಿ ಕಲಿಸಿರಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆಗಲೇ.

ಅವರೇ ನನ್ನನ್ನು ಬಾರ್‌ಬ್ಯಾಕ್ ಆಗಿ ತೆಗೆದುಕೊಂಡರು. ಬಾರ್‌ಟೆಂಡರ್‌ಗೆ ಕೈಯಾಳು ಅನ್ನಿ. ಐಸ್ ತುಂಬಿಸುವುದು, ಗ್ಲಾಸ್ ತೊಳೆದು ಒರೆಸುವುದು, ನಿಂಬೆ ಹೆಚ್ಚುವುದು, ಖಾಲಿ ಬಾಟಲಿ ಬದಲಿಸುವುದು. ಈ ಕೆಲಸಕ್ಕೆ ಆ ಸರ್ಟಿಫಿಕೇಟ್ ಬೇಕಿರಲಿಲ್ಲ. ನನ್ನ ಜೊತೆ ಸೇರಿದ ಹುಡುಗ ಯಾವ ಕೋರ್ಸೂ ಮಾಡಿರಲಿಲ್ಲ, ಇಬ್ಬರಿಗೂ ಒಂದೇ ಸಂಬಳ. ಬಾರ್‌ನ ನಿಜವಾದ ಪಾಠ ಅಲ್ಲಿಂದ ಶುರುವಾಯಿತು. ಐಸ್ ಪೆಟ್ಟಿಗೆಗೆ ಎಂದೂ ಗಾಜಿನ ಲೋಟ ಅದ್ದಬಾರದು, ಸ್ಕೂಪ್ ಬಳಸಬೇಕು. ಹತ್ತಿರದಲ್ಲಿ ಗ್ಲಾಸ್ ಒಡೆದರೆ ಐಸ್ ಪೂರ್ತಿ ಕರಗಿಸಿ, ಪೆಟ್ಟಿಗೆ ತೊಳೆದು, ಹೊಸದು ಹಾಕಬೇಕು. ಗಾಜಿನ ಚೂರು ಐಸ್‌ನಲ್ಲಿ ಕಣ್ಣಿಗೆ ಕಾಣಲ್ಲ. ಒಂದೇ ಸಲ ಹತ್ತು ಆರ್ಡರ್ ಬಂದರೆ ಯಾವುದು ಮೊದಲು, ಯಾವುದನ್ನು ಒಟ್ಟಿಗೆ ಮಾಡಬಹುದು ಅಂತ ನೋಡಿ ನೋಡಿಯೇ ಕಲಿಯಬೇಕು.

ಎಲ್ಲಕ್ಕಿಂತ ಮುಖ್ಯ, ಜಾಸ್ತಿ ಕುಡಿದವರಿಗೆ 'ಇನ್ನು ಸಾಕು' ಅಂತ ಮರ್ಯಾದೆಯಿಂದ ಹೇಳುವುದು. ಕಾಫಿ ಕುಡಿಸಿದರೆ ನಶೆ ಇಳಿಯಲ್ಲ, ಸಮಯ ಕಳೆದರೆ ಮಾತ್ರ ಇಳಿಯುತ್ತೆ. ಇದು ಗೊತ್ತಿಲ್ಲದವರು ಸುರಿದ ಕೊನೆಯ ಪೆಗ್‌ನಿಂದ ರಸ್ತೆಯಲ್ಲಿ ಜೀವ ಹೋಗಬಹುದು. ನಮ್ಮ ಶಾಲೆಯಲ್ಲಿ ಬಾಟಲಿ ಎಸೆದು ಹಿಡಿಯುವುದನ್ನು ಕಲಿಸಲು ಟೈಮ್ ಇತ್ತು, ಇದಕ್ಕೆ ಇರಲಿಲ್ಲ.

ಸರ್ಟಿಫಿಕೇಟ್ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಕಡೆ ಕಾನೂನೇ ತರಬೇತಿ ಕೇಳುತ್ತೆ, ನಿಜ. ಆಸ್ಟ್ರೇಲಿಯಾದಲ್ಲಿ ಮದ್ಯ ಬಡಿಸುವವರಿಗೆ ಆರ್‌ಎಸ್‌ಎ ಅನ್ನುವ ಸರ್ಟಿಫಿಕೇಟ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಆರ್‌ಬಿಎಸ್ ಅನ್ನುವ ತರಬೇತಿ ಕಡ್ಡಾಯ. ಆದರೆ ಇವು ಜವಾಬ್ದಾರಿಯಿಂದ ಮದ್ಯ ಬಡಿಸುವ ಬಗ್ಗೆ ಇರುವ ಸಣ್ಣ ತರಬೇತಿಗಳು. ಕಾಕ್‌ಟೇಲ್ ಶಾಲೆಯ ಡಿಪ್ಲೊಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವು ಶಾಲೆಯವರು ಎರಡನ್ನೂ ಕಲಸಿ ಹೆದರಿಸುತ್ತಾರೆ. ನೀವು ಕೆಲಸ ಮಾಡುವ ಜಾಗದ ಅಬಕಾರಿ ನಿಯಮ ಏನು, ಕನಿಷ್ಠ ವಯಸ್ಸು ಎಷ್ಟು ಅಂತ ಆ ಇಲಾಖೆಯಿಂದಲೇ ತಿಳಿದುಕೊಳ್ಳಿ.

ಎಲ್ಲ ಕೋರ್ಸೂ ಮೋಸ ಅಂತ ನಾನು ಹೇಳುತ್ತಿಲ್ಲ. ನಿಜವಾದ ಮದ್ಯದ ರುಚಿ ನೋಡಿಸಿ, ನಡೆಯುತ್ತಿರುವ ಬಾರ್‌ನಲ್ಲಿ ನಿಲ್ಲಿಸಿ ಕಲಿಸುವವರೂ ಇದ್ದಾರೆ. ಹಾಗಾಗಿ ಫೀಸ್ ಕಟ್ಟುವ ಮೊದಲು ಒಂದು ಕ್ಲಾಸ್ ಕೂತು ನೋಡಲು ಬಿಡ್ತೀರಾ ಅಂತ ಕೇಳಿ. ಕಳೆದ ಬ್ಯಾಚ್‌ನವರು ಈಗ ಎಲ್ಲಿ ಕೆಲಸ ಮಾಡ್ತಿದ್ದಾರೆ ಅಂತ ಕೇಳಿ, ಆ ಬಾರ್‌ಗೆ ಹೋಗಿ ವಿಚಾರಿಸಿ. ಗ್ಯಾರಂಟಿ ಅಂದರೆ ಅದನ್ನೇ ಕಾಗದದಲ್ಲಿ ಬರೆಸಿಕೊಳ್ಳಿ. ಇವತ್ತೇ ಕಟ್ಟಿ ಅಂತ ಅವಸರ ಮಾಡಿದರೆ ಎದ್ದು ಬನ್ನಿ. ನಿಮಗೆ ಇಷ್ಟವಾದ ಬಾರ್‌ಗೆ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಬಾರ್‌ಬ್ಯಾಕ್ ಬೇಕಾ ಅಂತಲೂ ಕೇಳಿ ನೋಡಿ. ಕೇಳಲು ದುಡ್ಡು ಬೇಕಿಲ್ಲ, ಕಲಿಯುತ್ತಾ ಸಂಬಳವೂ ಬರುತ್ತೆ.

ಈಗಾಗಲೇ ಕಟ್ಟಿಬಿಟ್ಟಿದ್ದರೆ ಜಾಹೀರಾತು, ಅವರು ಕಳಿಸಿದ ಮೆಸೇಜ್, ರಶೀದಿ ಎಲ್ಲವನ್ನೂ ಜೋಪಾನ ಮಾಡಿ. ಫೋನಿನಲ್ಲಿ ವಾದ ಮಾಡುತ್ತಾ ಕೂರಬೇಡಿ, ಏನು ಹೇಳಿದ್ದರು, ಏನು ಕೊಟ್ಟರು ಅಂತ ಬರೆದು ಹಣ ವಾಪಸ್ ಕೇಳಿ. ಗ್ರಾಹಕರ ದೂರು ಕೇಳುವ ಕಚೇರಿಗೂ ಒಂದು ಪ್ರತಿ ಕಳಿಸುತ್ತೇವೆ ಅಂತ ಅದರಲ್ಲೇ ಸೇರಿಸಿ. ನನ್ನ ಬ್ಯಾಚ್‌ನ ಕೆಲವರು ಹೀಗೆ ಬರೆದುಕೊಟ್ಟ ಮೇಲೆ ಫೀಸಿನ ಒಂದು ಭಾಗ ವಾಪಸ್ ಬಂತು.