ಇ-ಸೈಲ್‌ಗೆ ದಾರಿ ಹಾಕಲು ಹೋಗಿ: ಒಂದು ಪುಕ್ಕಟೆ ಸಾಫ್ಟ್‌ವೇರ್‌ಗೆ 5ಕ್ಕೆ 3 ಸ್ಟಾರ್
ಬಾಹ್ಯಾಕಾಶ ನೌಕೆ ಹೋಗುವ ದಾರಿಯನ್ನು ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಇದು, ಎರಡು ತಿಂಗಳು ಬಳಸಿ ಬರೆಯುತ್ತಿದ್ದೇನೆ. ಹೆಸರು ಬೇಡ, ಪುಕ್ಕಟೆ ಕೊಟ್ಟವರನ್ನು ಬೈಯಲು ಮನಸ್ಸಿಲ್ಲ. ಮಾಮೂಲಿ ರಾಕೆಟ್ ಎಂಜಿನ್ನಿನ ದಾರಿಗೆ ಇದು ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ.

ನನಗೆ ಬೇಕಿದ್ದದ್ದು ಇ-ಸೈಲ್, ಅಂದರೆ ನೌಕೆಯನ್ನು ನೂಕುವ ವಿದ್ಯುತ್ ಹಾಯಿ. ಫಿನ್ಲೆಂಡಿನ ಪೆಕ್ಕಾ ಯಾನ್‌ಹುನೆನ್ ಕೊಟ್ಟ ಐಡಿಯಾ ಇದು. ಕೂದಲಿಗಿಂತ ತೆಳ್ಳಗಿನ, ಹತ್ತಿಪ್ಪತ್ತು ಕಿಲೋಮೀಟರ್ ಉದ್ದದ ತಂತಿಗಳನ್ನು ಛತ್ರಿ ಕಡ್ಡಿಗಳ ಹಾಗೆ ಸುತ್ತಲೂ ಚಾಚಿ, ಬಿಗಿಯಾಗಿರಲಿ ಅಂತ ಗಿರಗಿರ ತಿರುಗಿಸಿ, ಎಲೆಕ್ಟ್ರಾನ್‌ಗಳನ್ನು ಹೊರಗೆ ಎಸೆಯುವ ಎಲೆಕ್ಟ್ರಾನ್ ಗನ್ ಇಟ್ಟು 20 ಸಾವಿರ ವೋಲ್ಟಿಗೂ ಜಾಸ್ತಿ ಪಾಸಿಟಿವ್ ಚಾರ್ಜಿನಲ್ಲಿ ಇಡುತ್ತಾರೆ. ಸೂರ್ಯನಿಂದ ಸೆಕೆಂಡಿಗೆ 400 ಕಿ.ಮೀ. ಆಸುಪಾಸಿನ ವೇಗದಲ್ಲಿ ಬೀಸಿ ಬರುವ ಸೌರಮಾರುತದ ಪ್ರೋಟಾನ್‌ಗಳು ಅದರಿಂದ ದಾರಿ ತಪ್ಪುತ್ತವೆ, ಆ ನೂಕು ನೌಕೆಗೆ ಸಿಗುತ್ತದೆ. ಇಂಧನ ಬೇಡ.

ಮೆನುವಿನಲ್ಲಿ 'ಸೌರ ಹಾಯಿ' ಅಂತ ಇದೆ. ಸುಮ್ನೆ ಅದನ್ನೇ ಒತ್ತಿಬಿಟ್ಟೆ. ಗುರುಗ್ರಹ ತಲುಪಲು ಬಂದ ಲೆಕ್ಕ ನೋಡಿ ಇ-ಸೈಲ್ ಇಷ್ಟು ಸೋಮಾರಿಯಾ ಅನ್ನಿಸಿತು. ತಪ್ಪು ಎಲ್ಲಿ ಗೊತ್ತಾ? ಅದು ಬೆಳಕಿನ ಹಾಯಿಯ, ಅಂದರೆ ಸೂರ್ಯನ ಬೆಳಕೇ ನೂಕುವ ಹಾಯಿಯ ಲೆಕ್ಕ. ಬೆಳಕಿನ ಒತ್ತಡ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಗುರುವಿನ ಹತ್ತಿರ ಭೂಮಿಯ ಬಳಿ ಇದ್ದದ್ದರ 27ನೇ ಒಂದು ಪಾಲು ಮಾತ್ರ. ಇ-ಸೈಲ್‌ನ ನೂಕು ಬರೀ ದೂರಕ್ಕೆ ತಕ್ಕಂತೆ ಇಳಿಯುತ್ತದೆ, ಅಲ್ಲಿ ಇನ್ನೂ 5ನೇ ಒಂದು ಪಾಲಿನಷ್ಟು ಉಳಿದಿರುತ್ತದೆ. ಹಾಯಿ ಅಂದಮೇಲೆ ಎಲ್ಲಾ ಒಂದೇ ಅಲ್ವಾ ಅಂದುಕೊಂಡವನು ನಾನೇ.

ಈ ಸಾಫ್ಟ್‌ವೇರ್‌ನಲ್ಲಿ ನೂಕುಬಲಕ್ಕೆ ನಮ್ಮದೇ ಸೂತ್ರ ಬರೆದು ಸೇರಿಸಬಹುದು. ಹದಿನೈದು ಸಾಲು, ಅಷ್ಟೇ. ಮೂರು ಸ್ಟಾರ್‌ನಲ್ಲಿ ಎರಡು ಇದಕ್ಕೇ.

ಆಮೇಲೂ ಕಣ್ಣಿಟ್ಟಿರಬೇಕು. ಇ-ಸೈಲನ್ನು ಎಷ್ಟೇ ಓರೆ ಮಾಡಿದರೂ ನೂಕಿನ ದಿಕ್ಕು ಸೂರ್ಯನಿಂದ ಹೊರಗೆ ಹೋಗುವ ಗೆರೆಯಿಂದ ಸುಮಾರು 20 ಡಿಗ್ರಿಗಿಂತ ಆಚೆ ವಾಲುವುದಿಲ್ಲ. ನಾವು ಮಿತಿ ಹಾಕದಿದ್ದರೆ ಆಪ್ಟಿಮೈಸರ್ (ಎಲ್ಲಕ್ಕಿಂತ ಒಳ್ಳೆಯ ದಾರಿ ಹುಡುಕುವ ಭಾಗ) 50 ಡಿಗ್ರಿ ವಾಲಿಸಿ 'ಉತ್ತರ ಸಿಕ್ಕಿತು' ಅಂತ ಹಸಿರು ಟಿಕ್ ಹಾಕುತ್ತದೆ! ಭೂಮಿಗೆ ಅಂಟಿದ ಕಕ್ಷೆಯಿಂದಲೇ ಹಾಯಿ ಚಾಲೂ ಮಾಡಲೂ ಬಿಡುತ್ತದೆ. ಭೂಮಿಯ ಕಾಂತಶಕ್ತಿ ಸೌರಮಾರುತವನ್ನು ತಡೆಯುವ ಕಾಂತಗೋಳದ ಒಳಗೆ ಸೌರಮಾರುತ ಎಲ್ಲಿಂದ ಬರಬೇಕು?

ಗನ್ ಆಫ್ ಮಾಡಿ ಸುಮ್ಮನೆ ತೇಲುವ ಹಂತಗಳನ್ನು ಮಾತ್ರ ಸೊಗಸಾಗಿ ಹುಡುಕಿಕೊಡುತ್ತದೆ. ಆದರೆ ಇದರ ಲೆಕ್ಕದಲ್ಲಿ ಸೌರಮಾರುತದ ಏರಿಳಿತಕ್ಕೆ ಜಾಗವೇ ಇಲ್ಲ. ನಾನು ನೂಕನ್ನು ದಿನದಿನಕ್ಕೆ ಬದಲಿಸಿ ಓಡಿಸಿದಾಗ ನೌಕೆ ಗುರಿ ತಪ್ಪಿತು, ವೋಲ್ಟೇಜನ್ನು ಪೂರ್ತಿ ಏರಿಸದೆ ಸ್ವಲ್ಪ ಕೈಯಲ್ಲಿ ಇಟ್ಟುಕೊಂಡ ಮೇಲೆ ಸರಿಹೋಯಿತು.

ಇನ್ನೊಂದು, ರನ್ ಒತ್ತುವ ಮೊದಲು ಸೇವ್ ಮಾಡಿ. ನನ್ನದು ಎರಡು ಸಲ ಹ್ಯಾಂಗ್ ಆಗಿ ರಾತ್ರಿಯೆಲ್ಲಾ ಓಡಿದ್ದು ಹೋಯಿತು.