ಶಕ್ತಿಮಾನ್ ಮಿಲಿಟರಿ ಲಾರಿ: ಒಂಬತ್ತು ಮಳೆಗಾಲಗಳ ಬಳಕೆಯ ನಂತರ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ಶಕ್ತಿಮಾನ್ ಲಾರಿ ಬಂದು ಒಂಬತ್ತು ಮಳೆಗಾಲಗಳು ಕಳೆದಿವೆ. ಸೇನೆ ವಿಲೇವಾರಿ ಮಾಡಿದ ಗಾಡಿಯನ್ನು ಹರಾಜಿನಲ್ಲಿ ಹಿಡಿದಿದ್ದ ವ್ಯಾಪಾರಿಯೊಬ್ಬರಿಂದ ನಾನು ಇದನ್ನು ಕೊಂಡೆ. ಅಂದಿನಿಂದ ಸಿಲ್ವರ್ ಓಕ್ ದಿಮ್ಮಿ, ಗೊಬ್ಬರ, ಕಲ್ಲು, ಸೌದೆ ಎಲ್ಲವನ್ನೂ ಇದೇ ಹೊತ್ತಿದೆ. ಇಂಥದ್ದೊಂದನ್ನು ಕೊಳ್ಳಬಹುದೇ ಎಂದು ಕೇಳುವವರು ಈಗಲೂ ಇರುವುದರಿಂದ, ಗಾಡಿಯ ಗುಣ ಮತ್ತು ಅದು ಬೇಡುವ ಆರೈಕೆ ಎರಡನ್ನೂ ನನ್ನ ಅನುಭವದ ಮಟ್ಟಿಗೆ ಬರೆಯುತ್ತಿದ್ದೇನೆ.

ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1950ರ ದಶಕದ ಕೊನೆಯಲ್ಲಿ ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಶಕ್ತಿಮಾನ್ ತಯಾರಿ ಆರಂಭವಾಯಿತು. ಮುಂದೆ 1969ರಲ್ಲಿ ಅದೇ ಊರಿನಲ್ಲಿ ವೆಹಿಕಲ್ ಫ್ಯಾಕ್ಟರಿ ಎಂಬ ಪ್ರತ್ಯೇಕ ಕಾರ್ಖಾನೆಯೇ ಸ್ಥಾಪನೆಯಾಯಿತು. 1990ರ ದಶಕದಲ್ಲಿ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಮತ್ತು ಟಾಟಾ ಲಾರಿಗಳು ಇದರ ಜಾಗಕ್ಕೆ ಬಂದವು. ಆದ್ದರಿಂದ ಇಂದು ಕೈಗೆ ಸಿಗುವ ಯಾವ ಶಕ್ತಿಮಾನ್ ಆದರೂ ಸುಮಾರು ಮೂವತ್ತು ವರ್ಷ ದಾಟಿದ ಗಾಡಿಯೇ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಎಂಜಿನ್ ಬಗ್ಗೆ ನನಗೆ ಗೌರವವಿದೆ. ಮ್ಯಾನ್ ಕಂಪನಿ ರೂಪಿಸಿದ ‘ಎಂ’ ವಿಧಾನದಲ್ಲಿ ಡೀಸೆಲ್ಲನ್ನು ಬಿಸಿ ಗಾಳಿಯ ನಡುವೆ ಚದುರಿಸುವ ಬದಲು ಪಿಸ್ಟನ್ ತಲೆಯಲ್ಲಿರುವ ಗುಂಡನೆಯ ಗುಳಿಯ ಗೋಡೆಗೆ ತೆಳುವಾಗಿ ಸವರಿದಂತೆ ಸಿಂಪಡಿಸಲಾಗುತ್ತದೆ. ಅದು ಅಲ್ಲಿಂದ ಆವಿಯಾಗುತ್ತ ನಿಧಾನವಾಗಿ ಉರಿಯುವುದರಿಂದ ಹಳೆಯ ಡೀಸೆಲ್ ಎಂಜಿನ್‌ಗಳ ‘ಕಟಕಟ’ ಶಬ್ದ ಇದರಲ್ಲಿ ಬಹಳ ಕಡಿಮೆ. ಅಮೆರಿಕ ಸೇನೆಯ ಎರಡೂವರೆ ಟನ್ ಲಾರಿಗಳಲ್ಲಿದ್ದ ಬಹುಇಂಧನ ಎಂಜಿನ್‌ಗಳಿಗೂ ಇದೇ ವಿಧಾನ ಆಧಾರವಾಗಿತ್ತು. ಆದರೆ ಗುಳಿಯ ಗೋಡೆ ಬಿಸಿಯಾಗುವ ತನಕ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಕಣ್ಣು ಉರಿಸುವ ಬಿಳಿ ಹೊಗೆ ಅಂಗಳ ತುಂಬುತ್ತದೆ. ಇದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಮೆಲ್ಲಗೆ ಓಡಿಸಿ ಬಿಸಿಯಾದ ಮೇಲೆ ಹೊಗೆ ನಿಂತರೆ ಅದು ರೋಗವಲ್ಲ, ಗಾಡಿಯ ಸ್ವಭಾವ. ಬಿಸಿಯಾದ ಮೇಲೂ ಬಿಳಿ ಹೊಗೆ ಮುಂದುವರಿದರೆ ಮಾತ್ರ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ), ನಾಜಲ್ (ಅದನ್ನು ಸಿಂಪಡಿಸುವ ಮೂತಿ) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ) ನೋಡಬೇಕು. ನಾಜಲ್ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಹೊರಮೈ ಅಳತೆ ಕೂಡುತ್ತದೆಂದು ಬೇರೆ ಲಾರಿಯ ನಾಜಲ್ ಹಾಕಿಸಬೇಡಿ. ಇದರಲ್ಲಿ ಡೀಸೆಲ್ ಯಾವ ಕೋನದಲ್ಲಿ ಗೋಡೆಗೆ ಬೀಳುತ್ತದೆ ಎಂಬುದೇ ಮುಖ್ಯವಾದುದರಿಂದ, ತಪ್ಪು ನಾಜಲ್ ಹಾಕಿದ ಎಂಜಿನ್ ಕಪ್ಪು ಹೊಗೆ ಉಗುಳುತ್ತ ಶಕ್ತಿ ಕಳೆದುಕೊಳ್ಳುತ್ತದೆ.

ಈ ಗಾಡಿ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ವರ್ಷದಲ್ಲಿ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು, ಹತ್ತು ನಿಮಿಷ ಓಡಿ ತೂಗಾಡಿದಂತೆ ಮಾಡಿ ನಿಂತುಬಿಡುತ್ತಿತ್ತು. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಪ್ರೈಮರನ್ನು (ಕೈಯಿಂದ ಒತ್ತುವ ಗುಂಡಿ) ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಏರ್ ತೆಗೆದರೆ ಮತ್ತೆ ಹತ್ತು ನಿಮಿಷ ಓಡುತ್ತಿತ್ತು. ಪೇಟೆಯ ವರ್ಕ್‌ಶಾಪೊಂದಕ್ಕೆ ಎಳೆಸಿಕೊಂಡು ಹೋದಾಗ ಅವರು ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪು ಕೆಟ್ಟಿದೆ ಎಂದು ತೀರ್ಮಾನಿಸಿ, ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸಿ, ನಾಲ್ಕು ವಾರದ ನಂತರ ದೊಡ್ಡ ಬಿಲ್ಲಿನೊಂದಿಗೆ ಗಾಡಿ ಮರಳಿಸಿದರು. ತೋಟದ ಗೇಟು ದಾಟುವ ಮೊದಲೇ ಅದು ಮತ್ತೆ ನಿಂತಿತು.

ಆಮೇಲೆ ನಾನೂ ನಮ್ಮ ಡ್ರೈವರೂ ಸೇರಿ ಮಾಡಿದ ಪರೀಕ್ಷೆ ಬಹಳ ಸರಳವಾದದ್ದು. ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ, ಕ್ಯಾನಿನಿಂದ ಪಾರದರ್ಶಕ ಹೋಸ್ ಮೂಲಕ ನೇರವಾಗಿ ಫೀಡ್ ಪಂಪಿಗೆ ಡೀಸೆಲ್ ಕೊಟ್ಟೆವು. ಎಂಜಿನ್ ಒಂದು ಗಂಟೆ ಒಂದೇ ಸಮನೆ ಓಡಿತು. ಅಂದರೆ ಪಂಪು, ಫಿಲ್ಟರ್, ನಾಜಲ್ ಎಲ್ಲವೂ ಸರಿಯಿದ್ದು, ದೋಷ ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆಯೇ ಇರಬೇಕು ಎಂದಾಯಿತು. ಈ ಭಾಗದ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಇರುವುದು ಎಳೆತ. ಹಾಗಾಗಿ ಅಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದೆ ಮೆಕ್ಯಾನಿಕ್ ದಾರಿ ತಪ್ಪುವುದು ಇಲ್ಲಿಯೇ. ಪೈಪಿನ ಉದ್ದಕ್ಕೂ ಕೈಯಾಡಿಸುತ್ತ ಹೋದೆವು. ಚಾಸಿಗೆ ಪೈಪನ್ನು ಹಿಡಿದಿಟ್ಟ ತಗಡಿನ ಕ್ಲಿಪ್ಪಿನ ಅಡಿಯಲ್ಲಿ ಕೆಸರು ಕೂತು, ತುಕ್ಕು ಹಿಡಿದು, ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಕ್ಲಿಪ್ ತೆಗೆಯುವ ತನಕ ಅದು ಕಾಣುವಂತೆಯೇ ಇರಲಿಲ್ಲ. ಒಂದು ಗೇಣು ಡೀಸೆಲ್ ಹೋಸ್, ಎರಡು ಕ್ಲ್ಯಾಂಪ್ ಮತ್ತು ಜಾಯಿಂಟುಗಳಿಗೆ ಹೊಸ ತಾಮ್ರದ ವಾಷರ್, ಇಷ್ಟರಲ್ಲಿ ಕೆಲಸ ಮುಗಿಯಿತು. ಹಳೆಯ ತಾಮ್ರದ ವಾಷರನ್ನು ತಿರುಗಿಸಿ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಅದನ್ನು ಕೆಂಪಗೆ ಕಾಯಿಸಿ ಮೆದು ಮಾಡಿಕೊಳ್ಳದ ಹೊರತು ಮತ್ತೆ ಸರಿಯಾಗಿ ಕೂರುವುದಿಲ್ಲ.

ಹೀಗಾಗಿ ಶಕ್ತಿಮಾನ್ ನಿಂತಾಗ ಪಂಪಿಗೆ ಕೈ ಹಾಕುವುದು ಕಟ್ಟಕಡೆಯ ಕೆಲಸವಾಗಿರಲಿ ಎಂದು ಎಲ್ಲರಿಗೂ ಹೇಳುತ್ತೇನೆ. ಇಂಥ ಸಾಲು ಇಂಜೆಕ್ಷನ್ ಪಂಪುಗಳು ಶುದ್ಧವಾದ ಡೀಸೆಲ್ ಸಿಕ್ಕರೆ ದಶಕಗಳ ಕಾಲ ಬಾಳುತ್ತವೆ. ಅವನ್ನು ಕೊಲ್ಲುವುದು ನೀರು. ನಮ್ಮ ಕಡೆ ಆಷಾಢದ ಮಳೆ ಹಿಡಿದರೆ ಲಾರಿ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಭರ್ತಿ ಮಾಡಿಸುವುದು, ವಾರಕ್ಕೊಮ್ಮೆ ತಳದ ಡ್ರೈನ್ ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡುವುದು, ಇವೆರಡನ್ನು ನಾವು ತಪ್ಪಿಸುವುದಿಲ್ಲ. ಬಾಟಲಿಯ ತಳದಲ್ಲಿ ನೀರು ಬೇರೆಯಾಗಿ ನಿಂತದ್ದು ಕಂಡರೆ, ಶುದ್ಧ ಡೀಸೆಲ್ ಬರುವ ತನಕ ಹರಿಸಿಬಿಡುತ್ತೇವೆ.

ಏರ್ ಕ್ಲೀನರ್ ನಮ್ಮ ಗಾಡಿಯಲ್ಲಿ ಆಯಿಲ್ ಬಾತ್ ಮಾದರಿಯದು, ಅಂದರೆ ಗಾಳಿಯ ಧೂಳನ್ನು ಬಟ್ಟಲಿನ ಆಯಿಲ್ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಕಚ್ಚಾ ರಸ್ತೆಯ ಧೂಳಿನಲ್ಲಿ ಓಡಿಸಿದ ಮೇಲೆ ಬಟ್ಟಲು ಬಿಚ್ಚಿದರೆ ತಳದಲ್ಲಿ ಕೆಂಪು ರಾಡಿ ಬೆರಳು ಗಾತ್ರ ಕೂತಿರುತ್ತದೆ. ಅದನ್ನು ತೊಳೆದು ಗುರುತಿನ ಮಟ್ಟಕ್ಕೆ ಮಾತ್ರ ಆಯಿಲ್ ಹಾಕಬೇಕು. ಹೆಚ್ಚಿರಲಿ ಎಂದು ತುಂಬಿಸುವುದು ಅಪಾಯಕಾರಿ: ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸತೊಡಗಿದರೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲದೆ ವೇಗ ಏರಿಸಿಕೊಳ್ಳಬಹುದು.

ನಾಲ್ಕು ಚಕ್ರದ ಎಳೆತವೇ ಈ ಲಾರಿಯನ್ನು ಕೊಳ್ಳಲು ಇರುವ ನಿಜವಾದ ಕಾರಣ. ಟ್ರ್ಯಾಕ್ಟರ್ ಕೈಚೆಲ್ಲಿದ ಏರಿನಲ್ಲಿ ಇದು ದಿಮ್ಮಿ ಹೊತ್ತು ಹತ್ತಿದ್ದನ್ನು ನಾನು ಕಂಡಿದ್ದೇನೆ. ಆದರೆ ಟಾರು ರಸ್ತೆಗೆ ಬಂದ ಕೂಡಲೇ ಲಿವರ್ ಎಳೆದು ಫ್ರಂಟ್ (ಮುಂದಿನ ಚಕ್ರಗಳ ಎಳೆತ) ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಕಳೆದುಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಶಾಫ್ಟು ಮತ್ತು ಗೇರುಗಳ ಮೇಲೆ ಬಿಗಿಯಾಗಿ ಕೂರುತ್ತದೆ. ಆಗ ಲಿವರ್ ಬಿಡಿಸಲು ಬರುವುದಿಲ್ಲ. ಸುತ್ತಿಗೆಯಿಂದ ಬಡಿಯದೆ ನಾಲ್ಕು ಮಾರು ರಿವರ್ಸ್ ತೆಗೆದುಕೊಂಡರೆ ಬಿಗಿತ ಸಡಿಲವಾಗಿ ಲಿವರ್ ತಾನಾಗಿ ಬರುತ್ತದೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ (ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮತ್ತು ಎರಡೂ ಆ್ಯಕ್ಸಲ್‌ಗಳ ಆಯಿಲನ್ನು ಹಳ್ಳ ದಾಟಿದ ಮೇಲೆ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು, 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿವೆ. ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಾರ್ನ್, ಟೇಪ್ ರೆಕಾರ್ಡರ್ ಎಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದರೆ ಎರಡರ ಚಾರ್ಜೂ ಹೆಚ್ಚುಕಡಿಮೆಯಾಗಿ ಎರಡೂ ಬೇಗ ಹಾಳಾಗುತ್ತವೆ. ಸೆಲ್ಫ್ ನಿಧಾನವಾಗಿ ತಿರುಗಿದಾಗ ಬ್ಯಾಟರಿಯನ್ನು ದೂರುವ ಮುನ್ನ ಅರ್ತ್ ಕೇಬಲ್ ಚಾಸಿಗೆ ಸೇರುವ ಜಾಗವನ್ನು ಉಜ್ಜಿ ನೋಡಿ.

ಬಿಡಿಭಾಗಗಳ ಬಗ್ಗೆ ಜನ ಹೆದರಿಸುವಷ್ಟು ಕಷ್ಟವಿಲ್ಲ. ಬೇರಿಂಗುಗಳ ಮೇಲೆ ಕೊರೆದ ನಂಬರನ್ನೂ ಆಯಿಲ್ ಸೀಲಿನ ಒಳ ಅಳತೆ, ಹೊರ ಅಳತೆ, ದಪ್ಪವನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಲಾರಿಯ ಹೆಸರು ಹೇಳದೆಯೇ ಬಹುಪಾಲು ಸಿಕ್ಕಿವೆ. ಎಂಜಿನ್ ಹೆಡ್, ಕ್ರ್ಯಾಂಕ್, ಆ್ಯಕ್ಸಲ್ ಗೇರು ಇಂಥವಕ್ಕೆ ಇನ್ನೊಂದು ಮುರಿದ ಗಾಡಿಯೇ ಗತಿ.

ಲೀಟರಿಗೆ ಮೂರರಿಂದ ನಾಲ್ಕು ಕಿಲೋಮೀಟರ್ ಸಿಗುತ್ತದೆ. ಬಾಡಿಗೆಗೆ ದೂರ ಓಡಿಸುವವರಿಗೆ ಇದು ಕೂಡಿಬರುವ ಗಾಡಿಯಲ್ಲ. ತೋಟದೊಳಗಿನ ಏರುದಾರಿಗೆ ಬೇಕಾದವರು, ವಾರಕ್ಕೆ ಅರ್ಧ ದಿನ ಅದರ ಅಡಿಯಲ್ಲಿ ಮಲಗಲು ಸಿದ್ಧರಿರುವವರು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವಾಗ ಸೇನೆಯ ಬಿಡುಗಡೆ ಪತ್ರ ಮತ್ತು ಚಾಸಿ ನಂಬರ್ ತಾಳೆಯಾಗುತ್ತವೆಯೇ ಎಂದು ನೋಡಿ. ವ್ಯಾಪಾರಿ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನನ್ನು ಪರೀಕ್ಷಿಸಬೇಡಿ. ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮುಟ್ಟಿ, ತಣ್ಣಗಿದೆ ಎಂದು ಖಚಿತವಾದ ಮೇಲೆ ಸೆಲ್ಫ್ ಹೊಡೆಯಲು ಹೇಳಿ, ಮತ್ತು ಹತ್ತು ನಿಮಿಷಕ್ಕೆ ಹೊರಡದೆ ಅದನ್ನು ಅರ್ಧ ಗಂಟೆಯಾದರೂ ಓಡಿಸಿ.