ಹಳೆಯ .315 ರೈಫಲ್ ಕೊಳ್ಳುವವರು ಬೋಲ್ಟನ್ನು ಹೊರತೆಗೆಸಿ ನೋಡಿ

ಬೆಳೆ ರಕ್ಷಣೆಯ ಪರವಾನಗಿ ಇರುವ ನಮ್ಮ ಶಿರಸಿ ಸೀಮೆಯ ಬೆಳೆಗಾರರು ಹಳೆಯ ರೈಫಲ್ ಕೊಳ್ಳುವಾಗ ನಳಿಗೆಯೊಳಗೆ ಇಣುಕುತ್ತಾರೆ, ಮರದ ಹಿಡಿಯ ಹೊಳಪು ನೋಡುತ್ತಾರೆ, ಹಣ ಎಣಿಸುತ್ತಾರೆ. ನಳಿಗೆಯ ಹಿಂಬದಿಯನ್ನು ಅಗುಳಿಯಂತೆ ಮುಚ್ಚುವ ಉಕ್ಕಿನ ಭಾಗವಾದ ಬೋಲ್ಟನ್ನು ಹೊರತೆಗೆಸಿ ನೋಡುವವರು ಕಡಿಮೆ. ನಮ್ಮ ಭಾವ ಕರಾವಳಿಯ ಕಡೆಯ ಒಬ್ಬರಿಂದ ಕೊಂಡ .315 ರೈಫಲ್ಲಿನಲ್ಲಿ ಗುರಿ ಪರೀಕ್ಷಿಸಲು ಈಡು ಹಾರಿಸಿದಾಗ ಕಾಡತೂಸಿನ ಹಿತ್ತಾಳೆ ಕೇಸು ಬುಡದ ಬಳಿ ತುಂಡಾಗಿ, ಅರ್ಧ ನಳಿಗೆಯಲ್ಲೇ ಸಿಕ್ಕಿಕೊಂಡಿತು. ಬಿಸಿ ಹೊಗೆಯೂ ಹಿತ್ತಾಳೆಯ ಚೂರುಗಳೂ ಹಿಂದಕ್ಕೆ ಸಿಡಿದವು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು, ಕೆನ್ನೆಗೆ ಗಾಯವಾಯಿತು.

ಪರವಾನಗಿ ಪಡೆದ ಕೋವಿ ರಿಪೇರಿಯವರು ಬಿಚ್ಚಿ ನೋಡಿದಾಗ ಬೋಲ್ಟಿನ ಹಿಡಿಕೆಯ ಬುಡದಲ್ಲಿದ್ದ ಸಂಖ್ಯೆಗೂ ರೈಫಲ್ಲಿನ ಸಂಖ್ಯೆಗೂ ತಾಳೆಯಾಗಲಿಲ್ಲ. ಬೇರೆ ಯಾವುದೋ ರೈಫಲ್ಲಿನ ಬೋಲ್ಟನ್ನು ತಂದು, ಉಜ್ಜಿ ಹೊಳಪು ಕೊಟ್ಟು ಕೂರಿಸಲಾಗಿತ್ತು. ಮಾರಿದವರನ್ನು ಕೇಳಿದರೆ "ಬೋಲ್ಟು ಸಲೀಸಾಗಿ ಮುಚ್ಚುತ್ತಿತ್ತಲ್ಲ" ಎಂಬ ಉತ್ತರ ಬಂತು. ಸವೆದ ಬೋಲ್ಟು ಸಲೀಸಾಗಿಯೇ ಮುಚ್ಚುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿ ಎಂದು ನಾನು ನಂಬಲಾರೆ.

ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲ್ಲಿನ ಯಂತ್ರಭಾಗ ಬ್ರಿಟಿಷ್ ಸೇನೆಯ ಹಳೆಯ ಲೀ ಎನ್‌ಫೀಲ್ಡ್ ರೈಫಲ್ಲಿನ ಮಾದರಿಯದು. ಇದರಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಲಗ್ಗುಗಳು ಹಿಂಭಾಗದಲ್ಲಿವೆ, ಬೋಲ್ಟಿನ ತಲೆ ಪ್ರತ್ಯೇಕವಾಗಿದ್ದು ತಿರುಪಿನಿಂದ ಕೂಡಿಕೊಳ್ಳುತ್ತದೆ. ಹೀಗಾಗಿ ಲಗ್ಗು, ಅದು ಕೂರುವ ಗೂಡು, ಬೋಲ್ಟಿನ ತಲೆ ಇವುಗಳಲ್ಲಿ ಯಾವುದು ಸವೆದರೂ ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂತುದಿಗೂ ನಡುವಿನ ಅಂತರ, ಅಂದರೆ ಹೆಡ್‌ಸ್ಪೇಸ್, ಹೆಚ್ಚುತ್ತದೆ. ಆಗ ಕಾಡತೂಸಿನ ಅಂಚಿಗೆ ಆಸರೆ ಸಾಲದೆ, ಸಿಡಿತದ ಒತ್ತಡಕ್ಕೆ ಕೇಸಿನ ಗೋಡೆ ಬುಡದ ಬಳಿ ಹಿಗ್ಗಿ ತೆಳುವಾಗಿ ಕೊನೆಗೆ ಹರಿಯುತ್ತದೆ. .303 ಲೀ ಎನ್‌ಫೀಲ್ಡಿಗೆ ಸೇನೆ ಒಪ್ಪಿದ್ದ ಮಿತಿ 0.064ರಿಂದ 0.074 ಇಂಚು, ಎಂದರೆ ಇಡೀ ಸಡಿಲಿಕೆ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಈ ಅಂಕಿಗಳನ್ನು .315ಕ್ಕೆ ಅನ್ವಯಿಸಬಾರದು, ಅದಕ್ಕೆ ಅದರದೇ ಗೇಜು, ಅಂದರೆ ಈ ಅಂತರ ಅಳೆಯುವ ಸಾಧನ, ಬೇಕು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು ಎಂದು ತೋರಿಸಲಷ್ಟೇ ಹೇಳಿದೆ.

ಗೇಜು ಹಾಕುವ ಮೊದಲೇ ಕಣ್ಣಿಗೆ ಕಾಣುವ ಕುರುಹುಗಳೂ ಇವೆ. ಮ್ಯಾಗಜೀನ್ ತೆಗೆಸಿ, ಕಾಡತೂಸು ಕೂರುವ ಚೇಂಬರ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಬೋಲ್ಟನ್ನು ಒರೆಸಿ ಬೆಳಕಿಗೆ ಹಿಡಿಯಬೇಕು. ಎರಡು ಲಗ್ಗುಗಳ ಹಿಂಬದಿಯಲ್ಲೂ ಉಜ್ಜಿದ ಗುರುತು ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಹೊಳೆಯುತ್ತಿದ್ದು ಇನ್ನೊಂದು ಮಾಸಲಾಗಿದ್ದರೆ ಭಾರವೆಲ್ಲ ಒಂದೇ ಲಗ್ಗಿನ ಮೇಲೆ ಬೀಳುತ್ತಿದೆ. ಲಗ್ಗಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಮುಂದಿನ ಮಾತೇ ಬೇಡ. ಬೋಲ್ಟಿನ ಮುಖದಲ್ಲಿ ಕಾಡತೂಸನ್ನು ಸಿಡಿಸುವ ಪಿನ್ನು ಹೊರಬರುವ ರಂಧ್ರ ಹಿಗ್ಗಿರಬಾರದು, ಸುತ್ತ ಗುಳಿಗಳಿರಬಾರದು, ಪಿನ್ನಿನ ತುದಿ ದುಂಡಗಿರಬೇಕು. ಕರಾವಳಿಯ ಉಪ್ಪುಗಾಳಿಗೂ ಘಟ್ಟದ ಮೇಲಿನ ಮಳೆಗಾಲಕ್ಕೂ ಸಿಕ್ಕಿದ ರೈಫಲ್ಲಿನಲ್ಲಿ ಬೋಲ್ಟಿನ ಒಳಗೆ, ಸ್ಪ್ರಿಂಗಿನ ಸುತ್ತ ತುಕ್ಕು ಕೂತಿರುವುದು ಸಾಮಾನ್ಯ. ಹೊರಗಿನ ಎಣ್ಣೆಯ ಮಿನುಗು ಅದನ್ನು ಮುಚ್ಚಿಡುತ್ತದೆ. ಮಾರುವವರ ಬಳಿ ಅದೇ ರೈಫಲ್ಲಿನಲ್ಲಿ ಹಾರಿಸಿದ ಖಾಲಿ ಕೇಸುಗಳಿದ್ದರೆ ಕೇಳಿ ಪಡೆಯಿರಿ: ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳಗಿನ ಗೆರೆ ಕಂಡರೆ ಕೇಸು ಹರಿಯಲು ಹೊರಟಿದೆ ಎಂದೇ ಅರ್ಥ.

"ಬೇರೆ ಗಿರಾಕಿ ಕಾಯುತ್ತಿದ್ದಾರೆ" ಎಂಬ ಅವಸರಕ್ಕೆ ಮಣಿಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಿ ಕನಿಷ್ಠ 45 ದಿನ ಕಳೆಯದೆ ಕೋವಿಯನ್ನು ಹಸ್ತಾಂತರಿಸುವಂತಿಲ್ಲ. ಆ ಅವಧಿಯಲ್ಲಿ ಮಾರುವವರೇ ತಮ್ಮ ಪರವಾನಗಿಯೊಂದಿಗೆ ರೈಫಲ್ಲನ್ನು ಅಧಿಕೃತ ರಿಪೇರಿಯವರಲ್ಲಿಗೆ ತಂದು, ನಿಮ್ಮ ಎದುರಿನಲ್ಲಿ ಗೇಜು ಹಾಕಿಸಲಿ. ಒಪ್ಪದಿದ್ದರೆ ಮುಂಗಡವನ್ನೂ ಕೊಡಬೇಡಿ.